ನಮ್ಮತ್ತೆಯನ್ನು ನಡೆಯಲು ಬಿಡಲಿಲ್ಲ

ನಮ್ಮ ಕಡೆ ಹೆಂಗಸು ಸುಮ್ಮನೆ ನಡೆಯುವಂತಿಲ್ಲ. ಹೊಲಕ್ಕೆ ಹಿಟ್ಟಿನ ಬುತ್ತಿ ಹೊತ್ತುಕೊಂಡು ಹೋಗಬಹುದು, ತಿಪ್ಪೆಗೆ ಸಗಣಿ ಹೊತ್ತುಕೊಂಡು ಹೋಗಬಹುದು, ನೀರಿಗೆ ಹೋಗಬಹುದು, ಸಾವಿನ ಮನೆಗೆ ಹೋಗಬಹುದು. ಬರಿಗೈಯಲ್ಲಿ ಹೊರಟರೆ ಮಾತ್ರ ಜಗಲಿಯ ಮೇಲೆ ಕೂತವರು ಒಬ್ಬರಾದ ಮೇಲೊಬ್ಬರು ಕೇಳುತ್ತಾರೆ: "ಎಲ್ಗಮ್ಮಿ?" ಅದಕ್ಕೊಂದು ಉತ್ತರ ಇರಬೇಕು. "ಸುಮ್ನೆ ಕಣಣ್ಣ" ಅಂದರೆ ಮುಗಿಯಿತು. ಸಂಜೆಯೊಳಗೆ ಅವಳಿಗೆ ತಲೆ ಕೆಟ್ಟಿದೆ ಅಂತಲೋ, ಅದಕ್ಕಿಂತ ಕೆಟ್ಟದ್ದೋ ಊರಿಗೆಲ್ಲ ಗೊತ್ತಾಗಿರುತ್ತದೆ. ಗಂಡಸರಿಗೆ ಈ ತೊಂದರೆ ಇಲ್ಲ. ಅವರು ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ಅಲೆದರೂ ಅದಕ್ಕೆ ಯಜಮಾನಿಕೆ ಅಂತ ಹೆಸರು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದಿದ್ದರೆ ನಮ್ಮತ್ತೆಗೆ ಆದದ್ದು ಅರ್ಥವಾಗುವುದಿಲ್ಲ. ಈಗ ಗುಂಡಿಗೆ ಕಾಯಿಲೆಯವರಿಗೆ ಡಾಕ್ಟರು "ನಡೀರಿ" ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಇದೆಲ್ಲ ನಡೆದ ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಗಿರಲಿಲ್ಲ. ಕಾಯಿಲೆ ಅಂದರೆ ಮಲಗುವುದು. ಮಲಗದವನಿಗೆ ಕಾಯಿಲೆಯೇ ಇಲ್ಲ.

ನಾನು ಬಸರಾಳು ಕಡೆಯವಳು, ರಾಗಿ ನೆಲದವಳು. ಮದುವೆಯಾಗಿ ಬಂದದ್ದು ಮಂಡ್ಯಕ್ಕೂ ಮದ್ದೂರಿಗೂ ನಡುವೆ, ನಾಲೆ ಪಕ್ಕದ ಊರಿಗೆ. ನಾನು ಬರುವ ಹೊತ್ತಿಗೆ ಆ ಮನೆಯಲ್ಲಿ ಕಬ್ಬಿನ ದುಡ್ಡು ಓಡಾಡುತ್ತಿತ್ತು. ಮಾವನವರಿಗೆ ಒಂದು ಕಮಾನು ಗಾಡಿ, ಆಳುಕಾಳು, ಊರಿನಲ್ಲಿ ಮಾತು. ಅತ್ತೆ ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ನನ್ನ ಗಂಡ. ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದರು.

ಒಂದು ಬೆಳಿಗ್ಗೆ ಅತ್ತೆ ಮುದ್ದೆ ತೊಳಸುತ್ತಾ ಇದ್ದವರು ಕೋಲು ಬಿಟ್ಟು ಗೋಡೆಗೆ ಒರಗಿದರು. ಬೆವರು ಸುರಿಯುತ್ತಿತ್ತು. "ಎದೆ ಇಂಡ್ದಂಗಾಯ್ತದೆ ಕಣಮ್ಮಿ" ಅಂದರು, ಅಷ್ಟೆ. ಗಾಡಿಯಲ್ಲಿ ಹುಲ್ಲು ಹಾಸಿ ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಗುಂಡಿಗೆಗೆ ಪೆಟ್ಟು ಬಿದ್ದಿದೆ, ಸದ್ಯಕ್ಕೆ ಅಲುಗಾಡದಂತೆ ಮಲಗಿಸಿ ಅಂದರು. ಮಲಗಿಸಿದೆವು. ಮಾವ ಅದನ್ನು ಬಹಳ ಚೆನ್ನಾಗಿ ಮಾಡಿದರು. ಮಂಡ್ಯದಿಂದ ಬ್ರೆಡ್ಡು ತರಿಸಿದರು, ಕಿತ್ತಳೆ ತರಿಸಿದರು, ಗಾಳಿ ಬೀಸಲು ಆಳಿನ ಹೆಂಡತಿಯನ್ನು ಕೂರಿಸಿದರು. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು, ಅದೇ ಕಷ್ಟವಾದದ್ದು.

ಎರಡನೇ ಸಲ ತೋರಿಸಲು ಹೋದಾಗ ಡಾಕ್ಟರ ರಾಗ ಬದಲಾಯಿತು. ಅತ್ತೆಯ ಕಾಲಿನ ಮೀನಖಂಡವನ್ನು ಹಿಡಿದು ನೋಡಿದರು. ಅದು ಜೋತುಬಿದ್ದಿತ್ತು.

"ಇನ್ನು ಮಲಗಿಸಬೇಡಿ ಗೌಡರೇ. ನಡೆಸಿ."

ಮಾವ ನಕ್ಕರು. "ಏನ್ ಸ್ವಾಮಿ, ತಮಾಸೆ ಮಾಡ್ತೀರಾ? ನಮ್ಮನೇಲಿ ಗಾಡಿ ಅದೆ, ಆಳವ್ರೆ. ಇವ್ಳು ಯಾಕೆ ನಡೀಬೇಕು?"

"ಆಳು ನಡೆದರೆ ಆಳಿನ ಗುಂಡಿಗೆ ಗಟ್ಟಿಯಾಗುತ್ತೆ. ಗಾಡಿ ಓಡಿದರೆ ಎತ್ತಿನದು. ಇವರದು ಗಟ್ಟಿಯಾಗಬೇಕಾದರೆ ಇವರೇ ನಡೀಬೇಕು."

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ದಿನಾ ನಡೆಯಬೇಕು, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಬೇಕು. ಸಮ ನೆಲದಲ್ಲಿ ಮಾತ್ರ, ಏರು ಬೇಡ. ಏನನ್ನೂ ಹೊರಬಾರದು. ನಡೆಯುತ್ತಾ ಮಾತಾಡುತ್ತಿರಬೇಕು, ಮಾತು ಕಟ್ಟಿದರೆ ನಿಂತುಬಿಡಬೇಕು, ಎದೆ ನೋವು ಬಂದರೆ ಕೂತುಬಿಡಬೇಕು. ಮತ್ತೆ ಬಂದು ತೋರಿಸಬೇಕು. ನಾನು ತಲೆ ಆಡಿಸಿದೆ. ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ನಡುದ್ರೆ, ನನ್ ಮಗಳ ಬಾಣಂತನ ಮಾಡಾಕಾದದಾ?"

"ನಡೆದರೆ ನಿಂತು ಮಾಡಿಸಬಹುದು. ಮಲಗಿದ್ದರೆ ಅದೂ ಆಗಲ್ಲ" ಅಂದರು ಡಾಕ್ಟರು.

ನಮ್ಮ ನಾದಿನಿ ಆಗ ಮೊದಲ ಬಸುರಿ. ಮೊದಲ ಹೆರಿಗೆ ತಾಯಿ ಮನೆಯಲ್ಲೇ ಆಗಬೇಕು. ಆದರೆ ಬೀಗರ ಕಡೆಯಿಂದ ಆಗಲೇ ಮಾತು ಬಂದಿತ್ತು: ತಾಯಿಯೇ ಹಾಸಿಗೆ ಹಿಡಿದಿದ್ದರೆ ಹುಡುಗಿಯನ್ನು ಯಾರ ಭರವಸೆಗೆ ಕಳಿಸುವುದು, ಒಂದು ದಿನ ಬಂದು ಕಣ್ಣಾರೆ ನೋಡಿ ಆಮೇಲೆ ಹೇಳುತ್ತೇವೆ, ಅಂತ. ಅತ್ತೆಗೆ ಗುಂಡಿಗೆಯ ಚಿಂತೆ ಇರಲಿಲ್ಲ. ಬೀಗರು ಬರುವ ಹೊತ್ತಿಗೆ ತಾನು ಕಾಲ ಮೇಲೆ ನಿಂತಿರಬೇಕು ಅನ್ನುವುದೊಂದೇ ಚಿಂತೆ.

ಮೊದಲು ಮನೆಯ ನಡುವಿನ ತೊಟ್ಟಿಯ ಸುತ್ತ ನಡೆಸಿದೆ. ಮಾವ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ನೋಡುತ್ತಿದ್ದರು.

"ಗಾಣದ ಎತ್ತಾಗೋದ್ಯಲ್ಲೇ. ಎಣ್ಣೆ ಏನಾರ ಬತ್ತಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ನೋಡಲು ಬರುವ ನೆಂಟರ ಮುಂದೆ ಮಾವನಿಗೆ ಇದು ನಗುವ ವಿಷಯವಾಗಿರಲಿಲ್ಲ. ನೆಂಟರು ಬಾಳೆಹಣ್ಣು ಹಿಡಿದು ಒಳಗೆ ಬಂದರೆ ರೋಗಿ ತೊಟ್ಟಿ ಸುತ್ತುತ್ತಿದ್ದಾಳೆ! ಒಬ್ಬಾಕೆಯಂತೂ ಹಣ್ಣು ಕೊಡುವುದೋ ಬೇಡವೋ ಅಂತ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಅಲ್ಲದೆ ತೊಟ್ಟಿಯಲ್ಲಿ ನಾಲ್ಕು ಹೆಜ್ಜೆಗೊಂದು ಕಂಬ. ಸುತ್ತಿ ಸುತ್ತಿ ಅತ್ತೆಗೆ ತಲೆ ತಿರುಗುತ್ತಿತ್ತು. ಹೊರಗೆ ಹೋಗಬೇಕು. ಹೋದರೆ "ಎಲ್ಗಮ್ಮಿ?"

ಉಪಾಯ ಅತ್ತೆಯದೇ. "ನೀರ್ಗೆ ಓಗಾವ ಕಣಮ್ಮಿ" ಅಂದರು.

ನಮ್ಮೂರಿನ ಸೀನೀರು ಬಾವಿ ಊರಾಚೆ, ದೊಡ್ಡ ರಸ್ತೆಯಿಂದ ಊರಿಗೆ ಬರುವ ದಾರಿಯಲ್ಲಿದೆ. ದಾರಿ ಸಮ, ನೆರಳಿದೆ. ಕಂಕುಳಲ್ಲಿ ಕೊಡ ಇದ್ದರೆ ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ.

"ಭಾರ ಹೊರಬಾರ್ದು ಅಂದವ್ರೆ ಅತ್ತೆ."

"ಒರದು ಯಾರು? ನೀನ್ ತುಂಬ್ಕೊ. ನಂದು ಬರಿ ಕೊಡ."

"ಬರಿ ಕೊಡ ಹಿಡ್ಕಂಡು ಊರೊಳಕ್ಕೆ ಬರದಾ?"

ಬಾವಿಯಿಂದ ಬರಿ ಕೊಡ ತರುವವರು ಯಾರೂ ಇಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವನ ಎದುರಿಗೆ ಬರಿ ಕೊಡ ಬಂದರೆ ಆ ಕೆಲಸ ಕೆಟ್ಟಿತು ಅಂತ ನಮ್ಮವರ ನಂಬಿಕೆ. ನೀರಿಗೆ ಹೋಗುವಾಗಲೂ ಹೆಂಗಸರು ನೋಡಿಕೊಂಡು, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅತ್ತೆ ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಒಂದ್ ಚೊಂಬು ಉಯ್ಯಿ. ಆಗ ಬರಿ ಕೊಡ ಅಲ್ಲ, ಭಾರವೂ ಅಲ್ಲ." ಡಾಕ್ಟರಿಗೂ ಸರಿ, ಶಾಸ್ತ್ರಕ್ಕೂ ಸರಿ.

ಹಾಗೆ ಶುರುವಾಯಿತು. ಮೊದಲ ದಿನಗಳಲ್ಲಿ ಬೀದಿಯ ಕೊನೆಯ ಬೇವಿನ ಮರದವರೆಗೆ ಹೋಗಿ ಕೂತು ಬರುತ್ತಿದ್ದೆವು. ಆಮೇಲೆ ಬಾವಿವರೆಗೆ. ನಡೆಯುತ್ತಾ ಮಾತಾಡಬೇಕಲ್ಲ? ಡಾಕ್ಟರ ಅಪ್ಪಣೆ! ಅಲ್ಲಿಯವರೆಗೆ ನಾವಿಬ್ಬರೂ ಮಾತಾಡಿದ್ದೆಲ್ಲ ಉಪ್ಪು, ಖಾರ, ಹಸುವಿನ ಹಿಂಡಿ. ಈಗ ಅತ್ತೆ ಉಸಿರನ್ನು ನೋಡಿಕೊಳ್ಳಲೆಂದೇ ಮಾತಾಡಬೇಕಾಗಿ ಬಂದು, ಏನು ಮಾತಾಡುವುದೆಂದು ತಿಳಿಯದೆ ತಮ್ಮ ಕಥೆ ಹೇಳತೊಡಗಿದರು.

"ನಾನ್ ಬಂದಾಗ ಈ ನಾಲೆ ಇರ್ಲಿಲ್ಲ ಕಣಮ್ಮಿ. ಎಲ್ಲೆಲ್ಲಿಂದ್ಲೋ ನೀರ್ ಒತ್ತಿವ್ನಿ. ಸಂತೆಗೆ ಮದ್ದೂರ್ ಗಂಟ ನಡ್ದಿವ್ನಿ. ಕಬ್ಬು ಬಂತು, ಗಾಡಿ ಬಂತು, ನಿಮ್ ಮಾವ ಕುಂತ್ಕೊ ಅಂದ್ರು, ಕುಂತ್ಕಂಡೆ. ಅವತ್ತಿಂದ ನಡ್ದೇ ಇಲ್ಲ."

ಇನ್ನೊಂದು ದಿನ ಹೇಳಿದರು. ಅವರ ತಾಯಿ ಮೊದಲೇ ಸತ್ತಿದ್ದರಿಂದ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತಂತೆ. "ಅತ್ತೆ ಮನೇಲಿ ಬಾಣಂತಿ ಅಂದ್ರೆ ಏನಂದ್ಕಂಡೆ? ಕೂಸ ಜೋಳಿಗೇಲಾಕಿ ಪಾತ್ರೆ ತೊಳ್ದೆ. ಬೆನ್ನಿಗೆ ಬಿಸ್ನೀರ್ ಉಯ್ಯಾಕೆ ಒಂದ್ ಕೈ ಇರ್ಲಿಲ್ಲ. ಆ ಕೂಸು ಉಳೀಲಿಲ್ಲ." ಅಷ್ಟು ಹೇಳಿ ನಿಂತರು. ಮಾತು ಕಟ್ಟಿತೇನೋ ಅಂತ ನಾನು ಹೆದರಿದೆ. "ಉಸ್ರೇನೂ ಇಲ್ಲ, ಬಾ" ಅಂತ ಮುಂದೆ ನಡೆದರು. "ನನ್ ಮಗಳಿಗೆ ಅಂಗಾಗ್ಬಾರ್ದು."

ಬಾವಿ ಕಟ್ಟೆಯಲ್ಲಿ ಹೆಂಗಸರ ಕಣ್ಣು ತಪ್ಪಿಸುವುದು ಸುಲಭವಲ್ಲ. ತುಂಬಿದ ಕೊಡ ಇದ್ದರೆ ಸೊಂಟ ಒಂದು ಕಡೆ ವಾಲುತ್ತದೆ. ಅತ್ತೆ ನೆಟ್ಟಗೆ ಹೋಗುತ್ತಿದ್ದರು.

"ಏನಕ್ಕ, ನಮ್ ಬಾವಿ ನೀರು ನಿಮ್ ಕೊಡಕ್ಕೋದ್ರೆ ಅತ್ತಿಯಂಗೆ ಅಗುರ ಆಗ್ಬುಡ್ತದಾ?" ಅಂದಳೊಬ್ಬಳು.

"ಊಂ ಕಣೆ. ದಿಂಬು ಒಲುಸ್ಬೇಕು, ಅದ್ಕೇ ತಕೋಯ್ತಿವ್ನಿ" ಅಂದರು ಅತ್ತೆ.

ಆ ಮಾತು ಕಮ್ಮಿಯ ಹೆಂಗಸು ಕಟ್ಟೆಯ ಮೇಲೆ ಹೀಗೆ ಉತ್ತರ ಕೊಡುವುದನ್ನು ನಾನು ಕೇಳಿದ್ದು ಆಗಲೇ. ಮುಖಕ್ಕೆ ಬಣ್ಣ ಬಂದಿತ್ತು. ಬಾವಿ ದಾಟಿ ನಾಲೆ ಏರಿಯ ಬುಡದವರೆಗೂ ಹೋಗುತ್ತಿದ್ದೆವು. ಡಾಕ್ಟರಿಗೆ ತೋರಿಸಿದಾಗ, "ನಾನು ಹೇಳಿದ್ದನ್ನು ಕೇಳಿದವರು ನೀವೊಬ್ಬರೇ" ಅಂದರು. ಮಾವ ಕೂಡ ಗಾಡಿಯಲ್ಲಿ ವಾಪಸು ಬರುವಾಗ ಬೈಯಲಿಲ್ಲ. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆ.

ಬೀಗರು ಹೇಳಿ ಕಳಿಸದೆ ಬಂದರು.

ಹೇಳಿ ಬಂದಿದ್ದರೆ ಅತ್ತೆ ಮಡಿ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಸ್ವಾಗತ ಮಾಡುತ್ತಿದ್ದರು, ಎಲ್ಲ ಮುಗಿಯುತ್ತಿತ್ತು. ಸಂಜೆ ಹೊತ್ತು, ದನ ಮನೆಗೆ ಬರುವ ಸಮಯ. ನಾವು ನೀರು ತೆಗೆದುಕೊಂಡು ಬಾವಿಯಿಂದ ತಿರುಗಿದ್ದೆವು, ನನ್ನ ಸೊಂಟದಲ್ಲಿ ತುಂಬಿದ ಕೊಡ, ಅತ್ತೆಯ ಸೊಂಟದಲ್ಲಿ ಚೊಂಬು ನೀರಿನ ಕೊಡ. ದೊಡ್ಡ ರಸ್ತೆ ಕಡೆಯಿಂದ ಬೀಗರು, ಅವರ ಹಿಂದೆ ಬೀಗಿತ್ತಿ. ಆಕೆಯ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಆಗ ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಬೀಗರ ಮುಖ, ಪಂಚೆ ಎಲ್ಲ ಮಸಿ.

"ಬಸ್ಸಲ್ ಬಂದ್ರಾ ಅಣ್ಣ?" ಅಂದರು ಅತ್ತೆ, ಪಕ್ಕಕ್ಕೆ ಸರಿದು ಸೆರಗು ಹೊದ್ದು.

"ಎಲ್ ಬಸ್ಸು? ಏರಲ್ಲಿ ನಾವೇ ಅದ ತಳ್ಕಂಡ್ ಬಂದೋ" ಅಂತ ಬೀಗರು ನಕ್ಕರು. ಆ ನಗು ಅರ್ಧಕ್ಕೆ ನಿಂತಿತು. ಹಿಂದಿನಿಂದ ಬೀಗಿತ್ತಿ ಮುಂದೆ ಬಂದು ಅತ್ತೆಯನ್ನು ಕಾಲಿಂದ ತಲೆವರೆಗೆ ನೋಡಿದಳು, ಕೊಡದ ಮೇಲೆ ಕಣ್ಣಿಟ್ಟಳು.

"ಇದೇನ್ ಬೀಗ್ತಿ? ಮನಗವ್ರೆ ಅಂತ ನಾವು ಬ್ರೆಡ್ ಇಡ್ಕಂಡ್ ಬಂದ್ರೆ ನೀವು ನೀರ್ ಒರ್ತಾ ಇದ್ದೀರಾ?" ಅತ್ತೆಯ ಉತ್ತರಕ್ಕೂ ಕಾಯದೆ ನನ್ನ ಕಡೆ ತಿರುಗಿದಳು. "ಏನಮ್ಮಿ, ನಿನ್ ಕೈ ಸೇದೋಗಿದ್ವಾ? ಗುಂಡ್ಗೆ ಕಾಯ್ಲೆ ಅತ್ತೆ ಕೈಲಿ ನೀರ್ ಒರುಸ್ತಿಯಲ್ಲ, ನಾಳೆ ನಮ್ ಸೊಸೆ ಬಾಣಂತಿ ಆಗಿ ಬಂದ್ರೆ ಅವಳ್ ಕೈಲಿ ಏನ್ ಒರುಸ್ತೀಯೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮುಂದಕ್ಕೆ ಬಂದರು.

"ಅವಳ್ನ ಅನ್ಬೇಡಿ. ಅವ್ಳು ಬಂಗಾರ. ಡಾಕ್ಟ್ರು ನಡಿ ಅಂದವ್ರೆ, ಅದ್ಕೆ ಬಂದಿವ್ನಿ. ಇದ್ರಲ್ಲಿ ನೀರೇ ಇಲ್ಲ, ನೋಡಿ ಬೇಕಾದ್ರೆ."

ಅಂದವರೇ ಕೊಡವನ್ನು ಬೋರಲು ಹಾಕಿ ತೋರಿಸಿದರು. ಒಳಗಿದ್ದ ಚೊಂಬು ನೀರು ಬೀಗರ ಕಾಲ ಬಳಿ ಮಣ್ಣಿಗೆ ಬಿತ್ತು. ಆಮೇಲೆ ಒಂದು ಹನಿಯೂ ಇರಲಿಲ್ಲ. ಬೀಗರು ಬೆಂಕಿ ತುಳಿದವರ ಹಾಗೆ ಹಿಂದೆ ಸರಿದರು.

"ಬಸ್ರಿ ಇಸ್ಯ ಮಾತಾಡಾಕೆ ಬಂದೋರ್ಗೆ ಬರಿ ಕೊಡ ಬೋರ್ಲಾಕಿ ತೋರುಸ್ತಾರೇನಮ್ಮ?" ಅಂದರು ಮೆಲ್ಲಗೆ.

ಅತ್ತೆಗೆ ಆಗ ಗೊತ್ತಾಯಿತು, ತಾನೇನು ಮಾಡಿದೆ ಅಂತ. ಕೊಡವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತುಬಿಟ್ಟರು. ನನ್ನನ್ನು ಉಳಿಸಲು ಹೋಗಿ ಮಗಳ ಬಾಣಂತನ ಕಳೆದುಕೊಂಡರು. ಕೊಡ ತುಂಬಿದ್ದರೆ ನಾವು ಕಟುಕರು, ಖಾಲಿ ಇದ್ದರೆ ಅಪಶಕುನ. ಈ ಎರಡರ ನಡುವೆ ಒಬ್ಬ ಹೆಂಗಸು ತನ್ನ ಗುಂಡಿಗೆ ಸರಿ ಮಾಡಿಕೊಳ್ಳಬೇಕಿತ್ತು.

ಬೀಗರು ಮನೆಗೆ ಬಂದರು, ಕೈಕಾಲು ತೊಳೆದರು, ಊಟಕ್ಕೆ ಕೂರಲಿಲ್ಲ. ಮಜ್ಜಿಗೆ ಕುಡಿದು ಮಾತು ಮುಗಿಸಿದರು. ನಮ್ಮ ಸೊಸೆಯನ್ನು ನಾವೇ ನೋಡಿಕೊಳ್ಳುತ್ತೇವೆ, ಹೆರಿಗೆ ಮಳವಳ್ಳಿಯಲ್ಲೇ ಆಗಲಿ ಅಂದರು. ಮಾವ ಅಂಗಲಾಚಿದರು. ಆ ಮನುಷ್ಯ ಇನ್ನೊಬ್ಬರ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬೀಗಿತ್ತಿ ಎದ್ದು ನಿಂತು, "ನಿಮ್ಮನೇಲಿ ಕಾಯ್ಲೆಯೋರ್ನ ನೋಡ್ಕಳ ಚೆಂದ ಕಂಡೋ ಬುಡಿ" ಅಂತ ಬ್ರೆಡ್ಡಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹೊರಟಳು.

ಅವರು ಹೋದ ಮೇಲೆ ಮಾವ ಕೂಗಾಡಲಿಲ್ಲ. ಆಳನ್ನು ಕರೆದು ಒಳಗಿದ್ದ ಮಂಚವನ್ನು ಜಗಲಿಗೆ ಹಾಕಿಸಿದರು.

"ಬಾ, ಮನೀಕೊ."

"ಬೆಳಿಗ್ಗೆ ವಸಿ ನಡ್ದು ಬಂದು ಮನೀಕತೀನಿ."

"ಜಗ್ಲಿ ಇಳುದ್ರೆ ನಾನ್ ಈ ಮನೇಲಿರಕಿಲ್ಲ. ಓಗೋ ಬರೋರೆಲ್ಲ ನೋಡ್ಲಿ, ಗೌಡ ಎಂಡ್ತಿನ ಎಂಗ್ ಇಕ್ಕಂಡವ್ನೆ ಅಂತ."

ನಾನು ಗಂಡನ ಮುಖ ನೋಡಿದೆ. ಡಾಕ್ಟರು ಹೇಳಿದ್ದೆಲ್ಲ ಅವರಿಗೂ ಗೊತ್ತಿತ್ತು. "ಅಪ್ಪ ಯೋಳ್ದಂಗೆ ಕೇಳು" ಅಂದರು. ಮಂಡ್ಯದ ಕಾರ್ಖಾನೆಯಲ್ಲಿ ಕಬ್ಬು ತುಂಬಿದ ಗಾಡಿಗಳನ್ನು ಸಾಲು ಹಿಡಿಸುವ ಕೆಲಸ ಅವರದು. ಅಲ್ಲಿ ಎಲ್ಲರ ಮೇಲೂ ಗದರುತ್ತಿದ್ದರಂತೆ.

ಅಂದಿನಿಂದ ಅತ್ತೆ ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮಲಗಿದರು. ತಲೆಯ ಹತ್ತಿರ ಬೀಸಣಿಗೆ, ಕಾಲ ಹತ್ತಿರ ಆಳಿನ ಹೆಂಡತಿ. ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಪುಣ್ಯವಂತೆ ಕಣವ್ವ" ಅಂದು ಹೋಗುತ್ತಿದ್ದರು. ಮಾವನಿಗೆ ಅದು ಸಾಕಾಗಿತ್ತು. ನಾನು ಮಂಡ್ಯದ ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ಒಂದು ದಿನ ಬಂದೂ ಬಂದರು. ಬಾಗಿಲಲ್ಲೇ ಮಾವ ತಡೆದರು.

"ನಿಮ್ ಮಾತ್ ಕೇಳೇ ನಮ್ ಮಾನ ಓಯ್ತು ಸ್ವಾಮಿ. ಸಾಕು ಓಗಿ."

"ಗೌಡರೇ, ನಿಮ್ಮ ಮಾನಕ್ಕೆ ನಾನು ಔಷಧಿ ಕೊಟ್ಟಿರಲಿಲ್ಲ. ಅವರ ಗುಂಡಿಗೆಗೆ ಕೊಟ್ಟಿದ್ದೆ" ಅಂದು ಸೈಕಲ್ಲು ಹತ್ತಿ ಹೋದರು. ಆಮೇಲೆ ಮದ್ದೂರಿನಿಂದ ಇನ್ನೊಬ್ಬ ಡಾಕ್ಟರು ಬಂದರು. ಮಲಗಿರುವುದನ್ನು ನೋಡಿ ಬಹಳ ಮೆಚ್ಚಿದರು. ಹೀಗೇ ನೋಡಿಕೊಳ್ಳಿ ಅಂದರು.

ಅತ್ತೆಯ ಕಾಲು ಮೊದಲು ತೆಳ್ಳಗಾಯಿತು, ಆಮೇಲೆ ಊದಿತು. ಮಾತು ಮತ್ತೆ ಹಳೆಯ ಹಾಗೆ ಉಪ್ಪು, ಹಿಂಡಿಗೆ ಬಂದು ನಿಂತಿತು. ಆಮೇಲೆ ಅದೂ ಇಲ್ಲ. ಮಾವ ಗದ್ದೆಗೆ ಹೋದ ಹೊತ್ತಿನಲ್ಲಿ ಒಂದೆರಡು ಸಲ ನಾನು ಕೈ ಹಿಡಿದು ಎಬ್ಬಿಸಿದೆ. ಎದುರು ಮನೆಯವರು ನೋಡಿ ಮಾವನಿಗೆ ಹೇಳಿದರು. ಅಂದು ಅತ್ತೆಯೇ ನನ್ನ ಕೈ ಬಿಡಿಸಿಕೊಂಡರು. "ಬುಡಮ್ಮಿ. ನಿಂಗೇ ಅಂತಾರೆ."

ಮಳವಳ್ಳಿಯಿಂದ ಸುದ್ದಿ ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಮಾವ ಎಲ್ಲರಿಗೂ ಬೆಲ್ಲ ಹಂಚಿದರು. ಅವರಿಗೆ ಎಲ್ಲ ಸರಿಹೋಯಿತು ಅನ್ನಿಸಿರಬೇಕು. ಮಂಚದ ಹತ್ತಿರ ಬಂದು ಕೂತು ಹೆಂಡತಿಯ ಹಣೆ ಮುಟ್ಟಿದರು.

"ನಾಳೆನೇ ಓಗಾವ. ಗಾಡಿಗೆ ಆಸ್ಗೆ ಆಕುಸ್ತೀನಿ. ನೀನು ಮನಗಿಕಂಡೇ ಬಾ, ಅಳ್ಳಾಡೋದೂ ಬ್ಯಾಡ."

ಅತ್ತೆ ಎದ್ದು ಕೂತರು. ಮಗಳನ್ನು ನೋಡುವ ಆಸೆ ಇತ್ತು, ಮುಖದಲ್ಲಿ ಕಂಡಿತು. ಕಾಲು ಕೆಳಗಿಟ್ಟು ಮಂಚದ ಅಂಚು ಹಿಡಿದು ನಿಲ್ಲಲು ನೋಡಿದರು. ಕಾಲು ನಿಲ್ಲಲಿಲ್ಲ. ನಾನು ಹಿಡಿದುಕೊಂಡೆ. ಮತ್ತೆ ಮಲಗಿ, ಉಸಿರು ಬರುವವರೆಗೆ ಕಾದು, ಗಂಡನಿಗೆ ಹೇಳಿದರು.

"ಮನಗಿಕಂಡ್ ಓಗಾಕೆ ಗಾಡಿ ಯಾಕೆ? ನಾಕ್ ಜನ ಸಾಕು."

ಮಾವ ಗೋಡೆ ಕಡೆ ತಿರುಗಿ ಕೂತರು. ಅವರು ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ನೋಡಲು ಹೋಗಲಿಲ್ಲ.

ಅತ್ತೆ ಆ ಮಳೆಗಾಲ ದಾಟಲಿಲ್ಲ. ನಿದ್ದೆಯಲ್ಲೇ ಹೋದರು. ಸಾವಿಗೆ ಊರೇ ಸೇರಿತ್ತು. ಬೀಗಿತ್ತಿ ಬಂದು ಹೆಣದ ಕಾಲು ಹಿಡಿದು ರಾಗವಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಪಕ್ಕದವಳಿಗೆ ಹೇಳಿದಳು, "ಏನೇ ಅನ್ನಿ, ಕೊನೆಗೆ ಗೌಡ್ರು ಚೆಂದಾಗ್ ನೋಡ್ಕಂಡ್ರು. ಕಾಲ ನೆಲಕ್ಕೆ ತಾಗ್ಸಲಿಲ್ಲ." ಮಾವ ಅದನ್ನು ಕೇಳಿ ತಲೆ ತಗ್ಗಿಸಿದರು. ಅಲ್ಲ ಅನ್ನಲಿಲ್ಲ.

ತಿಥಿಗೆ ನಾದಿನಿ ಕೂಸನ್ನು ಎತ್ತಿಕೊಂಡು ಬಂದಳು. ಬಹಳ ಸೊರಗಿದ್ದಳು. ಮಳವಳ್ಳಿಯಲ್ಲಿ ಅವಳ ಬೆನ್ನಿಗೆ ಬಿಸಿನೀರು ಹಾಕುವ ಕೈ ಇತ್ತೋ ಇಲ್ಲವೋ ಕೇಳಬೇಕು ಅಂದುಕೊಂಡೆ. ಬಂದಾಗಿನಿಂದ ಅವಳು ನನ್ನ ಕಡೆ ನೋಡಿರಲಿಲ್ಲ. ದುಃಖ ಅಂದುಕೊಂಡಿದ್ದೆ. ಪಂಕ್ತಿಯಲ್ಲಿ ನಾನು ಅನ್ನ ಬಡಿಸುತ್ತಾ ಅವಳ ಎಲೆಗೆ ಬಂದಾಗ, ಎಲೆಯ ಮೇಲೆ ಕೈ ಅಡ್ಡ ಇಟ್ಟಳು.

"ನಮ್ಮವ್ವನ ಕೈಲಿ ನೀರ್ ಒರುಸ್ದೋಳು ಇಕ್ಕೋ ಅನ್ನ ನಂಗ್ ಬ್ಯಾಡ."

ಎದುರು ಸಾಲಿನಲ್ಲಿ ಮಾವ ಕೂತಿದ್ದರು, ಅವರ ಪಕ್ಕದಲ್ಲಿ ನನ್ನ ಗಂಡ. ಆ ಕೊಡದಲ್ಲಿ ಎಷ್ಟು ನೀರಿತ್ತು ಅಂತ ಇಬ್ಬರಿಗೂ ಗೊತ್ತು. ಡಾಕ್ಟರು ಏನು ಹೇಳಿದ್ದರು ಅಂತ ಇಬ್ಬರಿಗೂ ಗೊತ್ತು. ನಾನು ಅನ್ನದ ಪಾತ್ರೆ ಹಿಡಿದು ನಿಂತು ಕಾದೆ, ಒಬ್ಬರಾದರೂ ಬಾಯಿ ಬಿಡುತ್ತಾರೆ ಅಂತ. ಮಾವ ಸಾರು ಕಲಸುತ್ತಿದ್ದರು. ನನ್ನ ಗಂಡ ಉಪ್ಪು ಕೇಳಿದರು.

ನಾನು ಉಪ್ಪು ಬಡಿಸಿ ಮುಂದಿನ ಎಲೆಗೆ ಹೋದೆ.